‘ನಗಿಸಿದ್ದು ನಾನೇ’ ಎಂಬ ಹಸಿ ಪುಸ್ತಕ

ಹಸಿಸುಳ್ಳು ಎನ್ನುವುದು ಬೇರೆ ಊರಿನವರಿಗೆ ಬರೀ ಒಂದು ಮಾತು. ನಮ್ಮೂರಿನಲ್ಲಿ ಅದು ಕೈಗೆ ಅಂಟುತ್ತದೆ. ಪುಸ್ತಕವಿರಲಿ, ಪತ್ರಿಕೆಯಿರಲಿ, ಮದುವೆಯ ಲಗ್ನಪತ್ರಿಕೆಯೇ ಇರಲಿ, ಸುಳ್ಳೆಂದು ಗೊತ್ತಿದ್ದೂ ಹೇಳಿದ ಮಾತು ನಮ್ಮೂರ ಗಡಿ ದಾಟಿ ಒಳಗೆ ಬಂತೋ, ಅದರ ಶಾಯಿ ಒದ್ದೆಯಾಗಿಬಿಡುತ್ತದೆ. ನಿಜ ಹೇಳಿದ ಸಾಲು ಒಣಗಿ ಗರಿಗರಿಯಾಗಿರುತ್ತದೆ. ತಪ್ಪು ತಿಳಿದು ಹೇಳಿದ್ದೂ ಒಣಗಿಯೇ ಇರುತ್ತದೆ, ಪಾಪ, ಅವರು ನಂಬಿ ಹೇಳಿರುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಚಿಕ್ಕಂದಿನಲ್ಲಿ ನಮ್ಮಜ್ಜಿಯನ್ನು ಕೇಳಿದ್ದಕ್ಕೆ, ‘ಬೇರೆ ಊರಲ್ಲಿ ಸುಳ್ಳು ಹೆಂಗೆ ಒಣಗುತ್ತೆ ಅಂತ ಕೇಳು ಹೋಗು, ಅದು ವಿಚಿತ್ರ’ ಅಂದಿದ್ದಳು.

ನಾನು ದಾಕ್ಷಾಯಿಣಿ, ಬಸ್ ಸ್ಟ್ಯಾಂಡಿನ ಎದುರಿಗೆ ಪುಸ್ತಕದಂಗಡಿ ಇಟ್ಟುಕೊಂಡಿದ್ದೇನೆ. ಕಾದಂಬರಿ, ಪದ್ಯ ಇಂಥವುಗಳಿಂದ ನನಗೆ ತಾಪತ್ರಯವಿಲ್ಲ. ಇದು ಕಟ್ಟುಕಥೆ ಎಂದು ಮೊದಲೇ ಒಪ್ಪಿಕೊಂಡು ಬರೆದದ್ದು ಸುಳ್ಳು ಹೇಗಾಗುತ್ತದೆ? ಅವು ತಮ್ಮ ಪಾಡಿಗೆ ತಾವು ಒಣಗಿಕೊಂಡು ಕಪಾಟಿನಲ್ಲಿ ಕೂತಿರುತ್ತವೆ, ಕೊಳ್ಳುವವರೂ ಕಡಿಮೆ. ನಮ್ಮ ಜನಕ್ಕೆ ಬೇಕಾದದ್ದು ಸಿನಿಮಾದವರ ಬದುಕು, ಕ್ರಿಕೆಟ್ಟಿನವರ ಬದುಕು, ಹಾಡುವವರು, ಟೀವಿ ಧಾರಾವಾಹಿಯ ಸೊಸೆಯರು. ಹೊಸದಾಗಿ ಯಾರದಾದರೂ ಜೀವನಚರಿತ್ರೆ ಬಂತೆಂದರೆ ಸಾಕು, ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ. ಬೇರೆಯವರು ಅಂಥ ಪುಸ್ತಕವನ್ನು ಓದುತ್ತಾರೆ ಅಷ್ಟೇ. ನಾವು ಓದುವುದಲ್ಲದೆ ಬೆರಳಾಡಿಸಿಯೂ ನೋಡುತ್ತೇವೆ.

ಹೊಸ ಕಟ್ಟು ಬಂದ ದಿನ ನನಗೆ ಒಂದು ಬಾಣಂತನದಷ್ಟು ಕೆಲಸ. ಒಂದೊಂದು ಪುಸ್ತಕವನ್ನೂ ಬಿಚ್ಚಿ, ಪುಟ ತಿರುವಿ ತಿರುವಿ ರಾಗಿಹಿಟ್ಟು ಉದುರಿಸಿ ಕೊಡವಬೇಕು. ಒಣ ಸಾಲಿನ ಮೇಲೆ ಹಿಟ್ಟು ನಿಲ್ಲುವುದಿಲ್ಲ, ಹಸಿ ಸಾಲು ಹಿಟ್ಟು ಹಿಡಿದು ಎದ್ದು ಕಾಣುತ್ತದೆ. ಆಮೇಲೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತೇನೆ. ಹೀಗೆ ಮಾಡದಿದ್ದರೆ ಒಬ್ಬ ನಟಿಯ ವಯಸ್ಸು ಸೋರಿ ಇನ್ನೊಬ್ಬ ನಟನ ಮದುವೆಯ ಮೇಲೆ ಬಿದ್ದು ಎರಡೂ ಪುಸ್ತಕ ಹಾಳು. ಇಷ್ಟು ಮಾಡಿದರೂ ಒಂದೆರಡು ದಿನಕ್ಕೆ ಮತ್ತೆ ಜಿನುಗುವುದು ತಪ್ಪಿದ್ದಲ್ಲ, ಅದಕ್ಕೆ ಕೊಂಡವರು ಮನೆಯಲ್ಲೂ ಓದುವುದಕ್ಕೆಂದೇ ಒಂದು ಡಬ್ಬಿ ಹಿಟ್ಟು ಬೇರೆ ಇಟ್ಟಿರುತ್ತಾರೆ. ಪುಸ್ತಕ ತರುವ ಏಜೆಂಟ್ ಒಬ್ಬನಿದ್ದಾನೆ. ಬಂದಾಗಲೆಲ್ಲ ಹಗ್ಗ ನೋಡಿ, ‘ನಿಮ್ಮೂರಲ್ಲಿ ಥಂಡಿ ಜಾಸ್ತಿ ಕಣಮ್ಮ, ಗೋಡೆಗೆ ಸುಣ್ಣ ಹೊಡಸಿ’ ಅನ್ನುತ್ತಾನೆ. ನಾನು ಹೂಂ ಅನ್ನುತ್ತೇನೆ. ಅವನಿಗೆ ವಿವರಿಸಿ ನನಗೇನಾಗಬೇಕು?

ಹಾಗೆಂದು ಹಸಿ ಪುಸ್ತಕಕ್ಕೆ ನಮ್ಮೂರಿನಲ್ಲಿ ಮರ್ಯಾದೆ ಕಡಿಮೆ ಎಂದುಕೊಳ್ಳಬೇಡಿ. ಹೂವಿನ ಅಂಗಡಿಯ ಪುಟ್ಟಗೌರಜ್ಜಿ ಇದ್ದಾಳಲ್ಲ, ಅವಳು ಬಂದರೆ ‘ಒಣಾದು ನಂಗ್ಯಾಕವ್ವ, ಚೆನ್ನಾಗಿ ಹಸಿ ಇರಾದು ಒಂದು ಕೊಡು, ರಾತ್ರಿ ನಿದ್ದೆ ಬರಲ್ಲ’ ಎಂದೇ ಕೇಳುವುದು. ಒಬ್ಬ ಗಾಯಕಿಯ ಪುಸ್ತಕದಲ್ಲಿ ‘ನನಗೆ ಯಾರ ಮೇಲೂ ಅಸೂಯೆ ಇಲ್ಲ’ ಎಂಬ ಅಧ್ಯಾಯ ಇಡಿಯಾಗಿ ನೆನೆದು ಮುದ್ದೆಯಾಗಿತ್ತು. ಅದು ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಹೋದ ಪುಸ್ತಕ. ಒಬ್ಬ ಕ್ರಿಕೆಟ್ ಆಟಗಾರನದು ಮೊದಲಿಂದ ಕೊನೆಯವರೆಗೆ ಒಣಗಿ ರಪ್ಪೆಂದು ಸದ್ದು ಮಾಡುತ್ತಿತ್ತು, ಮುನ್ನುಡಿಯಲ್ಲಿ ಮಾವನವರಿಗೆ ಹೇಳಿದ ಕೃತಜ್ಞತೆ ಒಂದು ಮಾತ್ರ ಹಸಿ. ನಮ್ಮೂರ ಅಳಿಯಂದಿರೆಲ್ಲ ಆ ಪುಟ ನೋಡಿ ಒಳಗೊಳಗೇ ನಕ್ಕರು.

ಈಗ ನಮ್ಮನೆಯವರ ವಿಷಯಕ್ಕೆ ಬರುತ್ತೇನೆ. ಊರವರಿಗೆ ಅವರು ಕಂಡಕ್ಟರ್ ಗುರುಲಿಂಗಯ್ಯ. ಮೀಸೆ ಮೂಡಿದಾಗಿನಿಂದ ಮೊಣಕಾಲು ಹಿಡಿಯುವವರೆಗೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬಸ್ಸು ಎಷ್ಟೇ ತುಂಬಿರಲಿ, ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನು ಬಿಟ್ಟು ಹೋದವರಲ್ಲ. ಹಲಸಿನಹಣ್ಣು ಹೊತ್ತವನು ಬರಲಿ, ಮೇಕೆ ಎಳೆದುಕೊಂಡವಳು ಬರಲಿ, ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಂದು ಸಲ ನೋಡಿ, ‘ಹತ್ತಿ, ಅದೂ ಒಂದು ಆಗೋಗ್ಲಿ’ ಅನ್ನುತ್ತಿದ್ದರಂತೆ. ಆ ‘ಆಗೋಗ್ಲಿ’ಯನ್ನು ಸ್ವಲ್ಪ ಎಳೆದು, ಕೊನೆಗೆ ಮೂಗಿನಿಂದ ಒಂದು ಉಸಿರು ಬಿಡುವುದು. ಮನೆಯಲ್ಲೂ ಹಾಗೆಯೇ. ಹಾಲು ಉಕ್ಕಿದರೂ ಅದೇ ಮಾತು, ಕರೆಂಟು ಹೋದರೂ ಅದೇ ಮಾತು.

ಈ ಮಾತನ್ನು ನಾಡಿನಲ್ಲಿ ಕೇಳದವರು ಯಾರಿದ್ದಾರೆ? ಹಾಸ್ಯನಟ ಮೋಹನಕಾಂತ ಮೊದಲ ಸಿನಿಮಾದಲ್ಲಿ ಏಟು ತಿನ್ನುವ ಮುಂಚೆ ಅಂದ ಮಾತು ಅದು. ಆಮೇಲೆ ಅವನ ಒಂದೊಂದು ಸಿನಿಮಾದಲ್ಲೂ ಅದೇ ಮಾತು, ಅದೇ ಎಳೆತ, ಮೂಗಿನಿಂದ ಅದೇ ಉಸಿರು. ಆಟೋಗಳ ಹಿಂದೆ ಬರೆಸಿದರು, ಮಕ್ಕಳು ಶಾಲೆಯಲ್ಲಿ ಅಂದರು, ನಮ್ಮೂರಿನಲ್ಲಿ ಒಂದು ಹೋಟೆಲಿಗೇ ಆ ಹೆಸರು ಬಂತು. ಹೋಟೆಲಿನ ಯಜಮಾನ ಜವರಪ್ಪ ಮೋಹನಕಾಂತ ಅಭಿಮಾನಿ ಸಂಘದ ಅಧ್ಯಕ್ಷ. ಎತ್ತು ಈಯ್ತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ, ಆದರೆ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಹೀಗಾಗಿ ನಮ್ಮನೆಯವರು ಬಾಯಿ ಬಿಟ್ಟು ಆ ಮಾತು ಅಂದರೆ ಸಾಕು, ಬಸ್ಸೆಲ್ಲ ನಗುತ್ತಿತ್ತು. ‘ಕಂಡಕ್ಟ್ರು ಮೋಹನಕಾಂತನ ಡೈಲಾಗ್ ಹೊಡೀತಾರೆ ನೋಡ್ರೋ!’

ತಮ್ಮ ಬಾಯಿಯ ಮಾತಿಗೆ ತಾವೇ ನಕಲು ಅನ್ನಿಸಿಕೊಳ್ಳುವುದು ಎಂಥ ಸಂಕಟ ಎಂದು ಅವರನ್ನು ನೋಡಿದವರಿಗೆ ಗೊತ್ತು. ಅವರು ಹೇಳುತ್ತಿದ್ದದ್ದು ಇಷ್ಟೇ. ಮೋಹನಕಾಂತ ಆಗುವುದಕ್ಕೆ ಮುಂಚೆ ಅವನು ಮರಿಯಪ್ಪ, ನಮ್ಮೂರ ಟೆಂಟು ಸಿನಿಮಾದಲ್ಲಿ ಗೇಟ್ ಕೀಪರ್. ಇಬ್ಬರೂ ಒಂದೇ ಕೋಣೆಯಲ್ಲಿದ್ದರು, ಒಂದೇ ತಟ್ಟೆಯಲ್ಲಿ ಉಂಡರು. ಮಧ್ಯಾಹ್ನ ಆಟ ಇಲ್ಲದಾಗ ಅವನು ಸುಮ್ಮನೆ ಬಸ್ಸಿನಲ್ಲಿ ಕೂತು ಇವರನ್ನು ನೋಡಿಕೊಂಡು ಹೋಗಿಬರುತ್ತಿದ್ದ. ಒಂದು ದಿನ ಸಿನಿಮಾದಲ್ಲಿ ಅದೃಷ್ಟ ನೋಡುತ್ತೇನೆಂದು ಅದೇ ಬಸ್ಸಿನಲ್ಲಿ ಪಟ್ಟಣಕ್ಕೆ ಹೋದ. ಮಾತನ್ನೂ ತೆಗೆದುಕೊಂಡು ಹೋದ. ಆಮೇಲೆ ಒಂದು ಕಾಗದವಿಲ್ಲ, ಕಬುರಿಲ್ಲ.

ನಾನು ಇದೇ ಊರಿನವಳಾದರೂ ಅವರ ಮಾತು ಕಿವಿಗೆ ಬಿದ್ದದ್ದು ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ಅಷ್ಟರಲ್ಲಿ ಆ ಸಿನಿಮಾ ಬಂದಿತ್ತು. ಹಾಗಾಗಿ ಮೊದಲು ಅಂದವರು ಯಾರೆಂದು ನಾನು ಸಾಕ್ಷಿ ಹೇಳುವ ಹಾಗಿರಲಿಲ್ಲ. ಬಸ್ಸಿನಲ್ಲಿ ಓಡಾಡಿದವರಿಗೂ ಸಿನಿಮಾ ಮೊದಲೋ ಇವರು ಮೊದಲೋ ಎಂದು ನೆನಪಿರಲಿಲ್ಲ. ‘ಬರೆದು ತೋರಿಸಿ’ ಎಂದು ಜವರಪ್ಪ ಒಂದು ಸಲ ಚೀಟಿ ಕೊಟ್ಟ. ‘ಈ ಮಾತು ನನ್ನದು’ ಎಂದು ಬರೆದರು. ತಕ್ಷಣ ಒಣಗಿತು. ಜವರಪ್ಪ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ನಿಮ್ದೇ ಅಂತ ನೀವು ನಂಬ್ಬಿಟ್ಟಿದೀರ ಕಂಡಕ್ಟ್ರೇ, ಅದಕ್ಕೆ ಒಣಗ್ತು’ ಅಂದ. ಆ ದಿನದಿಂದ ನಮ್ಮನೆಯವರು ಆ ಮಾತಾಡುವುದನ್ನೇ ಬಿಟ್ಟರು. ಹಾಲು ಉಕ್ಕಿದರೆ ಸುಮ್ಮನೆ ನೋಡುತ್ತಿದ್ದರು.

ಇಂಥದರಲ್ಲಿ ಮೋಹನಕಾಂತನ ಆತ್ಮಕಥೆ ಬರುತ್ತದೆ ಎಂದು ಏಜೆಂಟ್ ಹೇಳಿದ. ಹೆಸರು ‘ನಗಿಸಿದ್ದು ನಾನೇ’. ಒಬ್ಬ ಪತ್ರಕರ್ತ ಅವನ ಜೊತೆ ಕೂತು, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡದ್ದಂತೆ. ಊರಿಗೆ ಊರೇ ನನ್ನ ಅಂಗಡಿಯ ಕಡೆ ತಿರುಗಿತು. ಎಲ್ಲರಿಗೂ ಗೊತ್ತಿತ್ತು, ಆ ಮಾತು ಎಲ್ಲಿಂದ ಬಂತೆಂದು ಅದರಲ್ಲಿ ಇದ್ದೇ ಇರುತ್ತದೆ. ‘ನನಗೇ ಹೊಳೆಯಿತು’ ಎಂದು ಹೇಳಿಕೊಂಡು, ಆ ಸಾಲು ಹಸಿಯಾಗಿ ಬಂದರೆ ನಮ್ಮನೆಯವರು ಗೆದ್ದರು. ಒಣಗಿ ಬಂದರೆ ಸಾಯುವವರೆಗೂ ನಕಲು. ಪುಸ್ತಕ ಬರುವ ಹಿಂದಿನ ದಿನ ಅವರು ಗಡ್ಡ ಬೋಳಿಸಿಕೊಂಡು ಬಂದು, ‘ನಾಳೆ ಅಂಗಡಿಗೆ ನಾನು ಬರಲ್ಲ ಕಣೆ’ ಅಂದರು. ಬೆಳಿಗ್ಗೆ ನನಗಿಂತ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಕಟ್ಟು ಬಿಚ್ಚಿ ಹಿಟ್ಟು ಹಾಕಿದೆ. ಪುಸ್ತಕ ಅಲ್ಲಲ್ಲಿ ಹಸಿ. ‘ನಾನು ಎಂದೂ ಪ್ರಶಸ್ತಿಗೆ ಆಸೆಪಟ್ಟವನಲ್ಲ’ ಹಸಿ, ‘ಆ ನಿರ್ಮಾಪಕರು ದೇವರಂಥವರು’ ಹಸಿ. ಇದೆಲ್ಲ ಇದ್ದದ್ದೇ. ಬೇಕಾದ ಪುಟ ಸಿಕ್ಕಿದ್ದು ನಡುವಿನಲ್ಲಿ. ಜವರಪ್ಪ ಪುಸ್ತಕ ಕಿತ್ತುಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದ. ‘ಅದೂ ಒಂದು ಆಗೋಗ್ಲಿ ಎಂಬ ಮಾತು ನನ್ನ ಸ್ವಂತದ್ದೆಂದು ಜನ ತಿಳಿದಿದ್ದಾರೆ. ಅಲ್ಲ. ನಾನು ಗೇಟ್ ಕೀಪರ್ ಆಗಿದ್ದ ಊರಿನಲ್ಲಿ ಒಬ್ಬನ ಬಾಯಲ್ಲಿ ಅದನ್ನು ಕೇಳಿದ್ದೆ. ಅವನ ಹೆಸರು ಮರೆತಿದ್ದೇನೆ.’ ಪುಟದ ಮೇಲೆ ಎಲ್ಲೂ ಹಿಟ್ಟು ನಿಂತಿರಲಿಲ್ಲ.

ಜವರಪ್ಪ ಪುಸ್ತಕವನ್ನು ಕೌಂಟರಿನ ಮೇಲಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು ನೋಡಿ. ಮಾತು ನಮ್ಮೂರಿನದು ಎಂದಾಯಿತಲ್ಲ, ಹೆಸರು ಮಾತ್ರ ಇಲ್ಲ. ಖಾಲಿ ಕುರ್ಚಿ ಕಂಡರೆ ಕೂರದೆ ಬಿಡುತ್ತಾರೆಯೇ? ಸೈಕಲ್ ಅಂಗಡಿಯವನು, ‘ನಮ್ ತಾತ ಹಿಂಗೇ ಅಂತಿದ್ದ’ ಅಂದ. ಪುಟ್ಟಗೌರಜ್ಜಿ, ‘ನನ್ ಗಂಡ ಬೆಳಗ್ಗೆ ಎದ್ದು ಮುಖ ತೊಳೆಯೋ ಮುಂಚೆ ಇದೇ ಮಾತು ಕಣವ್ವ’ ಅಂದಳು. ಕೊನೆಗೆ ಜವರಪ್ಪನಿಗೂ ಅವರಪ್ಪನ ನೆನಪು ಬಂದು ಕಣ್ಣಲ್ಲಿ ನೀರು ಬಂತು. ಸಂಜೆಯ ಹೊತ್ತಿಗೆ ಊರಿನ ಅರ್ಧ ಮನೆಗಳಲ್ಲಿ ಆ ಮಾತು ಹುಟ್ಟಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಮಾಷೆ. ಎಲ್ಲರೂ ನಂಬಿಯೇ ಹೇಳುತ್ತಿದ್ದರು.

‘ಊರಲ್ಲಿ ಯಾರೋ ಒಬ್ರು ಅಂದವ್ರೆ ಕಂಡಕ್ಟ್ರೇ, ನೀವೂ ಇರಬೋದು, ಇಲ್ಲ ಅನ್ನಲ್ಲ’ ಎಂದು ಜವರಪ್ಪ ದೊಡ್ಡ ಮನಸ್ಸು ಮಾಡಿ ಅಂದ. ನಮ್ಮನೆಯವರು ತಲೆಯಾಡಿಸಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮನೆಗೆ ಹೋದರು. ನಾನು ಹೋಗುವಷ್ಟರಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಎಬ್ಬಿಸಿದರೆ ಬೇಡ ಅಂದರು.

‘ಕದ್ದ ಅಂತ ಒಪ್ಪಿಕೊಂಡನಲ್ಲ ಬಿಡ್ರಿ, ಅದೇ ದೊಡ್ಡದು’ ಅಂದೆ.

‘ಕದ್ದದ್ದಕ್ಕೆ ನಂಗೆ ಬೇಜಾರಿಲ್ಲ ಕಣೆ. ಅವನಿಗೆ ಜ್ವರ ಬಂದಾಗ ಗಂಜಿ ಕುಡಿಸಿದ್ದು ನಾನು. ಮರೀ ಮರೀ ಅಂತ ಕರೀತಿದ್ದೆ, ಗುರೂ ಅಂತ ಓಗೊಡ್ತಿದ್ದ. ಹೆಸರೇ ಮರೆತ ಅಂತಾನಲ್ಲ. ಅದೂ ಒಣಗಿದೆ ಬೇರೆ. ನಿಜವಾಗ್ಲೂ ಮರೆತಿದಾನೆ.’

ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಆ ಮೋಹನಕಾಂತ ಎದುರಿಗಿದ್ದಿದ್ದರೆ ಎರಡು ಮಾತು ಅಂದೇಬಿಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಪುಸ್ತಕಗಳನ್ನು ಜೋಡಿಸುತ್ತಿದ್ದೆ. ಸಂಜೆ ಗಡಿಬಿಡಿಯಲ್ಲಿ ಒಂದರ ಮೇಲೊಂದು ಪೇರಿಸಿ ಹೋಗಿದ್ದೆ. ಮೇಲಿನದನ್ನು ತೆರೆದರೆ, ಆ ಪುಟದ ಎದುರಿಗೆ ಮೋಹನಕಾಂತನ ಫೋಟೋ, ನುಣ್ಣನೆಯ ಕಾಗದದಲ್ಲಿ ಹಾರ ಹಾಕಿಕೊಂಡು ನಿಂತದ್ದು. ಹೊಲಿಗೆಯ ಕಡೆಗಿದ್ದ ಅವನ ಕೆನ್ನೆಯ ಮೇಲೆ ಏನೋ ಕಪ್ಪು. ಇರುವೆ ಎಂದು ಊದಿದೆ, ಹೋಗಲಿಲ್ಲ. ಹತ್ತಿರ ಹಿಡಿದರೆ ಅಕ್ಷರ, ತಿರುಗುಮುರುಗಾಗಿ ಒತ್ತಿಕೊಂಡಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ, ಈ ಕೆನ್ನೆಯ ಅಕ್ಷರಕ್ಕಂತೂ ಬೇಕಾಯಿತು. ಪಕ್ಕದ ಬಳೆ ಅಂಗಡಿಯಿಂದ ಕನ್ನಡಿ ತಂದು ಹಿಡಿದೆ. ‘ಮರೆತಿದ್ದೇನೆ’ ಎಂದಿತ್ತು.

ಎದುರು ಪುಟ ನೋಡಿದೆ. ಆ ಪದ ಕೊನೆಯ ಸಾಲಿನ ತುದಿಯಲ್ಲಿ, ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹೊಸ ಪುಸ್ತಕ, ಪೂರ್ತಿ ತೆರೆದುಕೊಳ್ಳುವುದಿಲ್ಲ. ನನ್ನ ಹಿಟ್ಟು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಬೆನ್ನು ಮುರಿಯುವ ಹಾಗೆ ಪುಸ್ತಕವನ್ನು ಅಗಲಿಸಿ ಬೆರಳಿಟ್ಟೆ. ಬೆರಳು ಕಪ್ಪಾಯಿತು. ಆ ಸಾಲಿನಲ್ಲಿ ಮಿಕ್ಕದ್ದೆಲ್ಲ ಒಣಗಿತ್ತು. ಊರು ಒಣ, ಗೇಟ್ ಕೀಪರ್ ಒಣ, ಒಬ್ಬನ ಬಾಯಲ್ಲಿ ಕೇಳಿದ್ದು ಒಣ. ಮರೆತದ್ದೊಂದು ಹಸಿ. ಉಳಿದ ಪ್ರತಿಗಳನ್ನೂ ಅಗಲಿಸಿ ನೋಡಿದೆ. ಎಲ್ಲದರಲ್ಲೂ ಹಾಗೆಯೇ.

ಅಂಗಡಿ ತೆರೆದಿದ್ದ ಹಾಗೆಯೇ ಬಿಟ್ಟು ಮನೆಗೆ ಓಡಿದೆ. ನಮ್ಮನೆಯವರು ಹಿತ್ತಲಲ್ಲಿ ಕೂತು ಹಲ್ಲುಜ್ಜುತ್ತಿದ್ದರು. ಏನೂ ಹೇಳದೆ ಪುಸ್ತಕ ತೆರೆದು ಹಿಡಿದೆ. ಅವರು ನನ್ನ ಬೆರಳು ನೋಡಿದರು, ಪುಟ ನೋಡಿದರು, ಬಾಯಿ ಮುಕ್ಕಳಿಸಿ, ಕೈ ಒರೆಸಿಕೊಂಡು, ಆ ಪದದ ಮೇಲೆ ತಾವೂ ಬೆರಳಿಟ್ಟರು. ತೆಗೆದು ಬಿಸಿಲಿಗೆ ಹಿಡಿದು ನೋಡಿದರು. ನಾನು ಕಾದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಹೆಸರು ನೆನಪಿದ್ದೂ ಹೇಳದವನು ಮರೆತವನಿಗಿಂತ ಕೆಟ್ಟವನಲ್ಲವೇ?

‘ನನ್ನ ಹೆಸರು ಅವನಿಗೆ ಬಿಸಿತುಪ್ಪ ಆಗಿತ್ತು ಕಣೆ’ ಅಂದರು. ‘ಇಷ್ಟು ವರ್ಷ ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ. ಪಾಪ, ಎಷ್ಟು ಕಷ್ಟಪಟ್ಟನೋ.’

ಅಷ್ಟು ಹೇಳಿ ತಿಂಡಿಗೆ ಏನೆಂದು ಕೇಳಿದರು. ಉಪ್ಪಿಟ್ಟು ಅಂದೆ. ಎರಡು ಸಲ ಹಾಕಿಸಿಕೊಂಡು ತಿಂದರು.

ಜವರಪ್ಪನಿಗೆ ನಾನೇ ಹೇಳಿದೆ, ಸುಮ್ಮನಿರಲಿಲ್ಲ. ಅವನು ಅಂಗಡಿಗೆ ಬಂದು ಇದ್ದಬದ್ದ ಪ್ರತಿಗಳನ್ನೆಲ್ಲ ಮುಟ್ಟಿ ಹತ್ತೂ ಬೆರಳು ಕಪ್ಪು ಮಾಡಿಕೊಂಡ. ಆಮೇಲೆ ಕೌಂಟರಿಗೆ ಒರಗಿ ಯೋಚನೆ ಮಾಡಿದ. ‘ದಾಕ್ಷಾಯಿಣಕ್ಕ, ದಾರೀಲಿ ಹೋಗೋರು ಆಡಿದ್ ಮಾತಾದ್ರೆ ಅವರ ಹೆಸರು ಯಾರಿಗೆ ನೆನಪಿರ್ತದೆ? ನಮ್ಮಪ್ಪನ ಹೆಸರು ಅವನಿಗೆ ಗೊತ್ತೇ ಇರಲಿಲ್ಲ. ಜೊತೇಲಿ ಮಲಗಿದ್ದವರ ಹೆಸರೇ ಇಷ್ಟು ವರ್ಷ ನೆನಪಿರಾದು’ ಅಂದ. ಮಧ್ಯಾಹ್ನ ನಮ್ಮ ಮನೆಗೆ ಬಂದು, ನಮ್ಮನೆಯವರ ಮುಂದೆ ನಿಂತು, ‘ಗುರುಲಿಂಗಣ್ಣ, ತಪ್ಪಾಯ್ತು’ ಅಂದ. ಕಂಡಕ್ಟ್ರೇ ಅನ್ನಲಿಲ್ಲ. ಹೋಟೆಲಿನ ಬೋರ್ಡಿನ ಮೇಲೆ ಇವರ ಹೆಸರು ಬರೆಸುತ್ತೇನೆ ಅಂದ, ಇವರು ಬೇಡ ಅಂದರು. ಕ್ಷೌರದಂಗಡಿಯವರು ಪುಸ್ತಕದ ಅಂಚಿನಲ್ಲೆಲ್ಲ ಪೆನ್ನಿನಲ್ಲಿ ಇವರ ಹೆಸರು ಬರೆದುಬಿಡೋಣ ಅಂದರು, ಅದಕ್ಕೂ ಬೇಡ ಅಂದರು.

‘ಯಾಕ್ರೀ?’ ಅಂದೆ.

‘ಬರೆಯೋದಾದ್ರೆ ಅವನು ಬರೀಬೇಕು. ಬರೀದಿದ್ರೂ ಪರವಾಗಿಲ್ಲ, ಅವನಿಗೆ ಗೊತ್ತಲ್ಲ, ನಂಗೆ ಅಷ್ಟು ಸಾಕು’ ಅಂದರು.

ಒಂದು ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಂಡರು. ದಿನಾ ಬೆಳಿಗ್ಗೆ ಬೇರೆಯವರು ಪೇಪರು ನೋಡುವ ಹೊತ್ತಿಗೆ ಇವರು ಕಾಫಿಯ ಲೋಟ ಪಕ್ಕಕ್ಕಿಟ್ಟು, ಪುಸ್ತಕ ತೆರೆದು, ಆ ಪದದ ಮೇಲೆ ಬೆರಳಿಡುತ್ತಿದ್ದರು. ಕಪ್ಪು ಅಂಟಿದರೆ, ‘ನೆನಪಿದೆ ಮಹಾರಾಯನಿಗೆ’ ಎಂದು ನನಗೆ ತೋರಿಸುತ್ತಿದ್ದರು. ಲುಂಗಿಗೆ ಒರೆಸಿಕೊಳ್ಳಬೇಡಿ ಎಂದು ನಾನು ಬೈಯುತ್ತಿದ್ದೆ. ಲುಂಗಿಗೇ ಒರೆಸಿಕೊಳ್ಳುತ್ತಿದ್ದರು. ಹಾಲು ಉಕ್ಕಿದಾಗ ಹಳೆಯ ಮಾತು ಮತ್ತೆ ಬಾಯಿಗೆ ಬಂತು. ರಸ್ತೆಯಲ್ಲಿ ಅಂದರೂ ಯಾರೂ ನಗುತ್ತಿರಲಿಲ್ಲ. ನಕ್ಕರೂ ಅದು ಬೇರೆ ತರಹದ ನಗು.

ಇಲ್ಲಿ ಒಂದು ವಿಷಯ ಹೇಳಬೇಕು. ಸುಳ್ಳೆಲ್ಲ ಯಾವಾಗಲೂ ಹಸಿಯಾಗಿಯೇ ಇರುತ್ತದೆ ಎಂದೇನಿಲ್ಲ. ಒಬ್ಬ ಹಳೆಯ ನಟಿಯ ಪುಸ್ತಕದಲ್ಲಿ ‘ನನ್ನ ಗಂಡನನ್ನು ನಾನು ಕ್ಷಮಿಸಿದ್ದೇನೆ’ ಎಂಬ ಸಾಲಿತ್ತು. ಬಹಳ ಕಾಲ ಅದು ತೊಟ್ಟಿಕ್ಕುತ್ತಿತ್ತು, ಪುಟ್ಟಗೌರಜ್ಜಿ ಅದಕ್ಕೆಷ್ಟು ಹಿಟ್ಟು ಸುರಿದಳೋ ಲೆಕ್ಕವಿಲ್ಲ. ಒಂದು ದಿನ ನೋಡಿದರೆ ಒಣಗಿಬಿಟ್ಟಿತ್ತು. ಎಲ್ಲೋ ದೂರದಲ್ಲಿ ಆ ಹೆಂಗಸು ನಿಜವಾಗಿ ಕ್ಷಮಿಸಿದ್ದಳು. ಅಜ್ಜಿಗೆ ಸಂತೋಷವೇ ಆಯಿತು, ಪುಸ್ತಕ ಸಪ್ಪೆಯಾಯಿತೆಂದು ಸ್ವಲ್ಪ ಬೇಸರವೂ ಆಯಿತು. ಹಾಗೆ, ಹೇಳಿದಾಗ ಸುಳ್ಳಾಗಿದ್ದದ್ದು ಆಮೇಲೆ ನಿಜವಾದರೆ ನಮ್ಮೂರಿನಲ್ಲಿ ಒಣಗುತ್ತದೆ. ಇದು ನಮ್ಮನೆಯವರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ದಿನಾ ಮುಟ್ಟುತ್ತಿದ್ದರು ಅಂತ ಕಾಣುತ್ತದೆ.

ಅವರೆಕಾಯಿ ಬರುವ ಕಾಲದಲ್ಲಿ ಒಂದು ಬೆಳಿಗ್ಗೆ ನಾನು ಒಳಗೆ ಕಾಳು ಸುಲಿಯುತ್ತಿದ್ದೆ. ಜಗುಲಿಯಿಂದ ಮಾತೇ ಕೇಳಲಿಲ್ಲ. ಹೋಗಿ ನೋಡಿದರೆ ಪುಸ್ತಕ ತೊಡೆಯ ಮೇಲಿತ್ತು, ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ಉಜ್ಜಿ ನೋಡುತ್ತಿದ್ದರು. ಬೆರಳು ಚೊಕ್ಕವಾಗಿತ್ತು. ‘ಅಂಗಡಿಯಲ್ಲಿರೋದನ್ನ ನೋಡೋಣ ಬಾ’ ಅಂದರು. ಹೋದೆವು. ಉಳಿದಿದ್ದ ಪ್ರತಿಗಳನ್ನೆಲ್ಲ ಅಗಲಿಸಿ ಮುಟ್ಟಿದರು. ಪ್ರಶಸ್ತಿಯ ಸಾಲು ಇನ್ನೂ ಹಸಿಯಾಗಿತ್ತು, ದೇವರಂಥ ನಿರ್ಮಾಪಕರು ಇನ್ನೂ ಹಸಿಯಾಗಿದ್ದರು. ಆ ಒಂದು ಪದ ಎಲ್ಲದರಲ್ಲೂ ಒಣಗಿ ಕಾಗದದ ಜೊತೆ ಕಾಗದವಾಗಿತ್ತು.

ಜವರಪ್ಪನನ್ನು ಕರೆಸಿದೆವು. ಅವನು ಬಾಗಿಲಲ್ಲೇ ನಿಂತು, ವಿಷಯ ಕೇಳಿ, ತಲೆ ತಗ್ಗಿಸಿದ. ‘ಹೇಳಬಾರದು ಅಂತ ಸುಮ್ನಿದ್ದೆ ಗುರುಲಿಂಗಣ್ಣ. ಹುಟ್ಟಿದ ಹಬ್ಬಕ್ಕೆ ಸಂಘದೋರು ಹಾರ ತಗೊಂಡು ಹೋಗಿದ್ವಲ್ಲ, ಸಾರ್ ಯಾಕೋ ಸರಿಯಿಲ್ಲ. ಅವರದೇ ಸಿನಿಮಾ ಪೋಸ್ಟರ್ ತೋರ್ಸಿ ಇದ್ಯಾರು ಅಂತ ನಮ್ಮನ್ನೇ ಕೇಳಿದ್ರು. ಮಗಳು ಬಂದು, ಒಂದೊಂದು ದಿನ ನನ್ನೂ ಗುರುತು ಹಿಡಿಯಲ್ಲ ಅಂತ ಕಣ್ಣೀರು ಹಾಕ್ಕೊಂಡ್ರು.’

ನಮ್ಮನೆಯವರು ಕೌಂಟರಿನ ಮೇಲೆ ಕೈಯೂರಿ ನಿಂತಿದ್ದರು. ಮುಖ ನೋಡಲಾರದೆ ನಾನು ಹಗ್ಗದ ಕ್ಲಿಪ್ಪುಗಳನ್ನು ಸರಿಮಾಡಿದೆ. ಆ ಪದ ಹಸಿಯಾಗಿದೆ ಎಂದು ತಿಳಿದ ದಿನದಿಂದ ಅವರು ಒಬ್ಬ ಮನುಷ್ಯನಾಗಿ ಓಡಾಡಿದ್ದರು. ಅದು ಹೀಗೆ ಒಂದು ಬೆಳಗಿನಲ್ಲಿ ಕೈಬಿಟ್ಟು ಹೋದರೆ ಈ ವಯಸ್ಸಿನಲ್ಲಿ ಮತ್ತೆ ಎಲ್ಲಿಂದ ತರುವುದು ಎಂದು ನನಗೆ ಹೆದರಿಕೆಯಾಯಿತು.

‘ನಾಳೆ ಮೊದಲ ಬಸ್ಸಿಗೆ ಹೋಗ್ತೀನಿ’ ಅಂದರು.

‘ಹೋಗಿ ಏನು ಮಾಡ್ತೀರಿ? ಮಾತು ನಂದು ಅಂತ ಕಾಯಿಲೆಯವನ ಹತ್ರ ಜಗಳ ಆಡ್ತೀರಾ?’

‘ಜಗಳ ಆಡೋಕಾದ್ರೂ ಅವನು ಇರ್ಬೇಕಲ್ವೇನೆ? ಆ ಕೋಣೆ, ಆ ಬಸ್ಸು, ಆ ಮಾತು ಎಲ್ಲಿ ಹೆಂಗೆ ಶುರುವಾಯ್ತು ಅಂತ ಗೊತ್ತಿದ್ದೋರು ಇಬ್ರೇ. ಅವನೂ ಮರೆತ್ರೆ ನಾನೊಬ್ಬನೇ ಅದನ್ನ ಇಟ್ಕೊಂಡು ಏನು ಮಾಡ್ಲಿ? ಮಾತು ಅವನ ಹತ್ರಾನೇ ಇರ್ಲಿ. ನಾನು ಇಂಥೋನು ಕಣೋ ಮರಿ ಅಂತ ಹೆಸರು ಹೇಳಿ ಬರ್ತೀನಿ.’

ಗುರುತು ಸಿಗದೆ, ಯಾರಪ್ಪ ನೀನು ಅಂದುಬಿಟ್ಟರೆ ಇವರು ಹೇಗೆ ತಡೆದುಕೊಳ್ಳುತ್ತಾರೆ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅದು ಅವರಿಗೆ ಹೊಳೆಯದ ವಿಷಯವೇನಲ್ಲ.

ಜವರಪ್ಪ ತಾನೂ ಬರುತ್ತೇನೆಂದು ಹೊರಟ. ಸಂಘದ ಅಧ್ಯಕ್ಷ ಜೊತೆಯಲ್ಲಿದ್ದರೆ ಗೇಟಿನವರು ಒಳಗೆ ಬಿಡುತ್ತಾರೆ ಎಂದು. ಬೆಳಿಗ್ಗೆ ನಮ್ಮನೆಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಒಂದೇ ತಟ್ಟೆಯಲ್ಲಿ ಉಂಡ ಸ್ನೇಹಿತನನ್ನು ನೋಡಲು ಬರಿಗೈಲಿ ಹೋಗುವುದೇ ಎಂದು ನಾನು ಒಂದಿಷ್ಟು ಕೋಡುಬಳೆ ಕಟ್ಟಿಕೊಟ್ಟೆ. ಬಸ್ಸು ತುಂಬಿತ್ತು. ಆದರೂ ಹತ್ತಿದರು.

ನಾನು ಅಂಗಡಿಯಲ್ಲಿ ಕೂತೆ. ಪುಸ್ತಕ ಕೌಂಟರಿನ ಮೇಲಿತ್ತು. ಬೇಡ ಬೇಡವೆಂದರೂ ಕೈ ಅಲ್ಲಿಗೇ ಹೋಗುತ್ತಿತ್ತು. ಒಣಗಿತ್ತು. ಅವರಿನ್ನೂ ತಲುಪಿಯೇ ಇಲ್ಲ, ನಿನಗೇನು ಬುದ್ಧಿ ಇಲ್ಲವೇ ಎಂದು ನನಗೆ ನಾನೇ ಅಂದುಕೊಂಡೆ. ಪುಟ್ಟಗೌರಜ್ಜಿ ಬಂದು ಯಾವುದೋ ಧಾರಾವಾಹಿ ನಟಿಯ ಹೊಸ ಪುಸ್ತಕ ಕೇಳಿದಳು. ಮೂರನೆಯ ಮದುವೆಯ ಅಧ್ಯಾಯ ಚೆನ್ನಾಗಿ ನೆನೆದಿದೆ ಎಂದು ತೆಗೆದುಕೊಟ್ಟೆ. ಅವಳು ಕಣ್ಣರಳಿಸಿ ಪುಸ್ತಕವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಹೋದಳು. ಮತ್ತೆ ಮುಟ್ಟಿದೆ. ಒಣಗಿತ್ತು. ಈಗ ತಲುಪಿರುತ್ತಾರೆ. ಈಗ ಗೇಟಿನಲ್ಲಿ ಮಾತಾಡುತ್ತಿರುತ್ತಾರೆ. ಮೊಸರನ್ನದ ಡಬ್ಬಿ ತೆರೆದು, ನಾಲ್ಕು ತುತ್ತು ತಿಂದು ಮುಚ್ಚಿಟ್ಟೆ. ಮತ್ತೆ ಮುಟ್ಟಿದೆ. ಒಣಗಿಯೇ ಇತ್ತು.

ಬಿಸಿಲು ಹಗ್ಗದ ಆ ತುದಿಯಿಂದ ಈ ತುದಿಗೆ ಬಂತು. ಇಷ್ಟು ಹೊತ್ತಿಗೆ ಭೇಟಿ ಮುಗಿದಿರಬೇಕು. ಗುರುತು ಸಿಗಲಿಲ್ಲ ಎಂದೇ ಅಂದುಕೊಂಡೆ. ಅವರು ಬಸ್ಸಿಳಿದು ಬರುವಾಗ ನಾನು ಏನು ಮಾತಾಡಲಿ, ಅಡುಗೆಗೆ ಏನು ಮಾಡಲಿ ಎಂದು ಯೋಚಿಸುತ್ತಾ, ಪುಸ್ತಕವನ್ನು ಎತ್ತಿಡೋಣವೆಂದು ಕೈಗೆ ತೆಗೆದುಕೊಂಡೆ. ತೆರೆಯಬೇಕೆಂದಿರಲಿಲ್ಲ, ಅಭ್ಯಾಸಬಲದಿಂದ ತೆರೆದೆ. ಸಂದಿಯೊಳಗೆ ಬೆರಳಿಟ್ಟೆ. ತಣ್ಣಗಾಯಿತು.

ಬೆರಳು ತೆಗೆದು ನೋಡಿದೆ. ಕಪ್ಪಾಗಿತ್ತು. ಸಾಲದೆಂದು ಇನ್ನೊಂದು ಬೆರಳನ್ನೂ ಇಟ್ಟು ನೋಡಿದೆ. ಅದೂ ಕಪ್ಪು. ಅಷ್ಟು ದೂರದ ಯಾವುದೋ ದೊಡ್ಡ ಮನೆಯಲ್ಲಿ ಆ ಮುದುಕ ನಮ್ಮನೆಯವರ ಮುಖ ನೋಡಿ ಗುರೂ ಅಂದಿದ್ದ. ನನಗೆ ಒಬ್ಬಳೇ ಕೂತಿರಲು ಆಗಲಿಲ್ಲ. ಅವರ ಬಸ್ಸು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಆದರೂ ಅಂಗಡಿಯ ಬಾಗಿಲು ಎಳೆದುಕೊಂಡು, ಕೈ ತೊಳೆಯದೆ, ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ.